ಟೀ ಪರೀಕ್ಷೆಯಲ್ಲಿ ಫೇಲಾದವಳು

ಹೇವನ್‌ಬಿ
ಭಾನುವಾರ, ಮೇ 18, 2025

ಪ್ರೀತಿಯ ರೀಸ್,

ಹೇಗಿದ್ದೀಯ ಮರಿ? ನಿನ್ನ ಎರಡು ಕಾಗದ ಬಂದು ಕೂತಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ತಪ್ಪು ನನ್ನದೇ. ಶನಿವಾರ ಜೈಲಿಗೆ ಬಂದಾಗ ಎಲ್ಲವನ್ನೂ ಬಾಯಲ್ಲೇ ಹೇಳಿದರಾಯಿತು ಎಂದುಕೊಂಡು ಹೊರಡುತ್ತೇನೆ. ಅಲ್ಲಿ ನೋಡಿದರೆ ಪಕ್ಕದ ಮೇಜಿನ ಮಗು ಅಳುತ್ತಿರುತ್ತದೆ, ನೀನು ಚಾಕೊಲೇಟ್ ತಿನ್ನುತ್ತಾ ತೂಕ ಹೆಚ್ಚಾಯಿತು ಎಂದು ಗೊಣಗುತ್ತೀಯ, ಅಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಅದಕ್ಕೇ ಇವತ್ತು ಬಟ್ಟೆಯನ್ನು ಮಷಿನ್ನಿಗೆ ಹಾಕಿ, ಅಡುಗೆಮನೆಯ ಮೇಜಿನ ಮುಂದೆ ಹಟ ಹಿಡಿದು ಕೂತಿದ್ದೇನೆ.

ಬಣ್ಣ ಬಳಿಯುವ ತರಬೇತಿಗೆ ನಿನ್ನನ್ನು ಸೇರಿಸಿಕೊಂಡರೆಂದು ಓದಿ ಖುಷಿಯಾಯಿತು. ಗೋಡೆ ಉಜ್ಜುವುದೇ ಅರ್ಧ ಕೆಲಸ ಎಂದು ನಿಮ್ಮ ಮೇಷ್ಟ್ರು ಹೇಳುತ್ತಾರಂತಲ್ಲ, ಆ ಮನುಷ್ಯ ನನಗೆ ಇಷ್ಟವಾದ. ಡೆಬಿ ಚಿಕ್ಕಮ್ಮನಿಗೆ ಮಂಡಿ ನೋವು ಹಾಗೇ ಇದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ.

ನೀನು ಬರೆದಿದ್ದೆ: "ನಮ್ಮಮ್ಮ ಥೆರಪಿಸ್ಟ್ ಅಂತ ಇಲ್ಲಿ ಎಲ್ರಿಗೂ ಹೇಳ್ಕೊಂಡು ತಿರುಗ್ತಿದೀನಿ. ಏನ್ ಮಾಡ್ತಾರೆ ಅಂತ ಕೇಳಿದ್ರೆ ಮಾತ್ರ ಹೇಳೋಕೆ ಗೊತ್ತಾಗಲ್ಲ. ಏನ್ ಮಾಡ್ತೀಯಮ್ಮಾ ನೀನು?" ಒಳ್ಳೇ ಪ್ರಶ್ನೆ. ಹದಿನೆಂಟು ವರ್ಷ ವೃದ್ಧಾಶ್ರಮದಲ್ಲಿ ಜನರನ್ನು ಎತ್ತಿ, ತೊಳೆದು, ಉಣಿಸಿದೆ. ಕೆಲಸ ಮಾಡುತ್ತಲೇ ನಾಲ್ಕು ವರ್ಷ ಓದಿ, ನಲವತ್ತೈದನೇ ವಯಸ್ಸಿಗೆ ಪಾಸಾದೆ. ಜನವರಿಯಿಂದ ಕೌನ್ಸಿಲ್ಲಿನ ವಯಸ್ಕರ ಆರೈಕೆ ವಿಭಾಗದಲ್ಲಿದ್ದೇನೆ, ಕೊರಳಲ್ಲಿ 'ಆಕ್ಯುಪೇಶನಲ್ ಥೆರಪಿಸ್ಟ್' ಎಂಬ ಬಿಲ್ಲೆ. ಬಿದ್ದವರು, ಪಾರ್ಶ್ವವಾಯು ಹೊಡೆದವರು, ಮರೆವು ಹಿಡಿದವರು ತಮ್ಮ ದಿನವನ್ನು ಆದಷ್ಟು ತಾವೇ ನಡೆಸಿಕೊಳ್ಳಲು ಏನು ಬೇಕೆಂದು ನೋಡುವುದು ನನ್ನ ಕೆಲಸ. ಹೀಗೆ ಹೇಳಿದರೆ ಸಪ್ಪೆ. ಅದಕ್ಕಿಂತ ಒಬ್ಬ ಹೆಂಗಸಿನ ಕತೆ ಹೇಳುತ್ತೇನೆ, ಅದನ್ನೇ ನೀನು ನಿನ್ನ ಸ್ನೇಹಿತರಿಗೆ ಹೇಳು. ಹೆಸರುಗಳನ್ನು ನಾನೇ ಬದಲಾಯಿಸಿದ್ದೇನೆ. ಅದು ನಮ್ಮ ಕೆಲಸದ ನಿಯಮ, ಜೊತೆಗೆ ಈ ಲಕೋಟೆಯನ್ನು ನಿನಗಿಂತ ಮೊದಲು ಅಲ್ಲಿನವರು ಒಡೆಯುತ್ತಾರೆ.

ಆಕೆಯನ್ನು ಥೆಲ್ಮಾ ಸೋವರ್‌ಬಿ ಎನ್ನೋಣ. ವಯಸ್ಸು ಎಂಬತ್ತೆರಡು. ಬಂದರಿನ ಹಿಂದಿನ ಬೀದಿಯಲ್ಲಿ ಒಂಟಿ ವಾಸ. ಗಂಡ ವಾಲ್ಟರ್ ತೀರಿಕೊಂಡು ಒಂಬತ್ತು ವರ್ಷವಾಯಿತು, ಮಕ್ಕಳಿಲ್ಲ. ತಂಗಿಯ ಮಗಳು ಜಿಲ್ ಒಬ್ಬಳೇ ಹತ್ತಿರದವಳು, ಅವಳಿರುವುದು ದೂರದ ಲೆಸ್ಟರ್‌ನಲ್ಲಿ. ಫೆಬ್ರವರಿಯಲ್ಲಿ ಥೆಲ್ಮಾ ಹಿತ್ತಲ ಮೆಟ್ಟಿಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು. ಆದರೆ ಮೊದಲೇ ಇದ್ದ ಸಣ್ಣ ಮರೆವು ಆಸ್ಪತ್ರೆಯಲ್ಲಿ ದೊಡ್ಡದಾಗಿ ಕಂಡಿತು. ಅಲ್ಲಿ ಅಡುಗೆಮನೆ ಪರೀಕ್ಷೆ ಎಂದು ಒಂದಿದೆ: ರೋಗಿಯನ್ನು ಕರೆದುಕೊಂಡು ಹೋಗಿ, ಒಂದು ಕಪ್ ಟೀ ಮಾಡಿ ನೋಡೋಣ ಎನ್ನುತ್ತಾರೆ. ಥೆಲ್ಮಾ ನೀರಿಲ್ಲದ ಕೆಟಲ್‌ನ ಗುಂಡಿ ಒತ್ತಿದರಂತೆ, ಟೀ ಚೀಲವನ್ನು ಸಕ್ಕರೆ ಡಬ್ಬಿಗೆ ಹಾಕಿದರಂತೆ. ವರದಿಯಲ್ಲಿ ಬರೆದರು: ಅಡುಗೆಮನೆಯಲ್ಲಿ ಸುರಕ್ಷಿತರಲ್ಲ, ಒಬ್ಬರೇ ಇರಲಾರರು. ಅಲ್ಲಿಂದ 'ಸದ್ಯಕ್ಕೆ' ಎಂದು ವೃದ್ಧಾಶ್ರಮಕ್ಕೆ ಕಳಿಸಿದರು. ಆ 'ಸದ್ಯಕ್ಕೆ' ಆರು ವಾರವಾಗಿತ್ತು. ಏಪ್ರಿಲ್ 24ರ ಗುರುವಾರ ಸಭೆ, ಅಲ್ಲಿ ಅದನ್ನು ಕಾಯಂ ಮಾಡುವುದಿತ್ತು. ನನ್ನನ್ನು ಕಳಿಸಿದ್ದು ಆಕೆಗೆ ಎಂಥ ಕುರ್ಚಿ ಬೇಕೆಂದು ಅಳತೆ ತೆಗೆಯಲು, ಅಷ್ಟೇ.

ನಾನು ಹೋದಾಗ ಆಕೆ ಕಿಟಕಿಯ ಹತ್ತಿರ ಕೂತಿದ್ದರು. ಎತ್ತರದ ಹೆಂಗಸು, ದೊಡ್ಡ ಕೈಗಳು. ನನ್ನ ಬಿಲ್ಲೆಯನ್ನು ಹಿಡಿದೆಳೆದು ಓದಿದರು.

"ಆಕ್ಯುಪೇಶನ್ ಅಂದ್ರೆ ಉದ್ಯೋಗ ತಾನೇ? ಈ ವಯಸ್ಸಲ್ಲಿ ನಂಗೆ ಕೆಲಸ ಕೊಡಿಸ್ತೀಯಾ?"

"ಇಲ್ಲ ಥೆಲ್ಮಾ, ನಿಮಗೆ ಸರಿಯಾಗೋ ಕುರ್ಚಿ..."

"ಕುರ್ಚಿ ಹಾಳಾಗ್ಲಿ. ಮೂವತ್ತೊಂಬತ್ತು ವರ್ಷ ನಿಂತ್ಕೊಂಡೇ ಕೆಲಸ ಮಾಡಿದೀನಿ. ಕೂತ್ಕೋ ಕೂತ್ಕೋ ಅಂತ ಎಲ್ರೂ ಕೂರಿಸೋಕೇ ಬರ್ತೀರ. ಕೂತೂ ಕೂತೂ ಕಾಲು ಮರಗಟ್ಟೋಗಿದೆ ಕಣೇ."

"ಏನು ಕೆಲಸ ಮಾಡ್ತಿದ್ರಿ?"

"ಬಂದರಲ್ಲಿ ಮೀನು ಕುಯ್ಯೋದು." ಅಷ್ಟೇ ಹೇಳಿ ನನ್ನ ಹೆಸರು ಕೇಳಿದರು. ಹೇಳಿದೆ. ಐದು ನಿಮಿಷಕ್ಕೆ ಮತ್ತೆ ಕೇಳಿದರು. ಮರೆವು ಇದ್ದದ್ದು ನಿಜ, ರೀಸ್. ಅದನ್ನು ನಾನು ಮುಚ್ಚಿಡುವುದಿಲ್ಲ.

ಆಸ್ಪತ್ರೆಯ ವರದಿ ತಲೆಯಲ್ಲಿ ಕೊರೆಯುತ್ತಿತ್ತು. ಹೊರಡುವ ಮುಂಚೆ ಸುಮ್ಮನೆ ಕೇಳಿದೆ, "ಮನೇಲಿ ಟೀ ಹೇಗೆ ಮಾಡ್ಕೋತಿದ್ರಿ, ಥೆಲ್ಮಾ?"

ಆಕೆ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಟೀನಾ? ನಾನ್ಯಾಕೆ ಮಾಡ್ಲಿ? ನಂಗೆ ಅದರ ವಾಸನೇನೇ ಆಗಲ್ಲ. ವಾಲ್ಟರ್ ಕುಡೀತಿದ್ದ, ಅವನೇ ಮಾಡ್ಕೋತಿದ್ದ. ಅವನು ಹೋದ್ಮೇಲೆ ಆ ಕೆಟಲ್‌ನ ಚರ್ಚ್ ಸಂತೆಗೆ ಕೊಟ್ಟುಬಿಟ್ಟೆ. ನಾನು ಹಾಲು ಕುಡಿಯೋಳು."

ನಾನು ಕಾರಿನಲ್ಲಿ ಕೂತು ಎಂಜಿನ್ ಹಾಕದೆ ಹತ್ತು ನಿಮಿಷ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಎಂದೂ ಟೀ ಮಾಡಿಯೇ ಇಲ್ಲದ ಹೆಂಗಸನ್ನು ಟೀ ಮಾಡಲು ಬರುವುದಿಲ್ಲವೆಂದು ಮನೆ ಬಿಡಿಸಲು ಹೊರಟಿದ್ದೆವು. ಆ ಪರೀಕ್ಷೆ ಮಾಡಿದವರು ಕೆಟ್ಟವರಲ್ಲ. ಹಾಸಿಗೆ ಖಾಲಿ ಮಾಡಬೇಕಿತ್ತು, ಎಲ್ಲರಿಗೂ ಮಾಡುವುದನ್ನೇ ಇವರಿಗೂ ಮಾಡಿದರು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ನೇರ ಹಿಲರಿಯ ಹತ್ತಿರ ಹೋದೆ. ಹಿಲರಿ ನನ್ನ ಮೇಲಿನವಳು, ಮೂವತ್ತು ವರ್ಷದ ಅನುಭವ. ಕನ್ನಡಕದ ಮೇಲಿಂದ ನೋಡಿದಳೆಂದರೆ ಎದುರಿನವರು ಅರ್ಧ ವಾಕ್ಯ ನುಂಗಿಕೊಳ್ಳಬೇಕು. ನಾನು ನುಂಗಲಿಲ್ಲ. "ಆಕೇನ ಆಕೆ ಮನೆಗೇ ಕರ್ಕೊಂಡು ಹೋಗಿ ನೋಡ್ಬೇಕು. ಆಕೆ ಜೀವನವಿಡೀ ಮಾಡಿದ ಕೆಲಸ ಮಾಡಿಸಿ ನೋಡ್ತೀನಿ. ಮೀನು ಕುಯ್ಯೋದು," ಎಂದೆ.

"ಚಾಕು? ಮರೆವಿರೋ ಹೆಂಗಸಿನ ಕೈಗೆ ಮೀನು ಕುಯ್ಯೋ ಚಾಕು?" ಹಿಲರಿ ಪೆನ್ನು ಕೆಳಗಿಟ್ಟಳು. "ಲೋರ್ನಾ, ನೀನು ಸೇರಿ ನಾಲ್ಕು ತಿಂಗಳಾಗಿಲ್ಲ. ನಂಗೆ ನಿವೃತ್ತಿಗೆ ಮೂರು ವರ್ಷ ಇದೆ. ಇಬ್ಬರೂ ಕೆಲಸ ಉಳಿಸ್ಕೊಳ್ಳೋಣ್ವಾ?"

"ಟೀ ಮಾಡೋಕೆ ಬರಲ್ಲ ಅಂತ ಬರೆದಿದಾರೆ. ಆಕೆ ಟೀನೇ ಕುಡಿಯಲ್ಲ, ಹಿಲರಿ."

ಅವಳು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡಳು. "ಏನೇನು ಆಗಬಹುದು, ಆದ್ರೆ ಏನು ಮಾಡ್ತೀಯ, ಎಲ್ಲಾ ಬರ್ಕೊಂಡು ಬಾ. ಸರಿ ಅನ್ನಿಸಿದ್ರೆ ಸಹಿ ಹಾಕ್ತೀನಿ. ಅನ್ನಿಸದಿದ್ರೆ ಕುರ್ಚಿ ಅಳತೆ ತಗೊಂಡು ಸುಮ್ನಿರ್ಬೇಕು."

ನಾಲ್ಕು ಪುಟ ಬರೆದೆ. ಅವಳು ಎರಡು ಕಡೆ ತಿದ್ದಿ, ಚಾಕು ತಾಗದ ಕೈಗವಸು ತೆಗೆದುಕೊಂಡು ಹೋಗು ಎಂದು ಸೇರಿಸಿ, ಸಹಿ ಹಾಕಿದಳು.

ಮಂಗಳವಾರ ಬೆಳಿಗ್ಗೆ ಬಂದರಿನ ಅಂಗಡಿಯಲ್ಲಿ ಮೂರು ಹ್ಯಾಡಕ್ ಮೀನು ಕೊಂಡು, ಥೆಲ್ಮಾರನ್ನು ಕಾರಿನಲ್ಲಿ ಕೂರಿಸಿಕೊಂಡು ಅವರ ಮನೆಗೆ ಹೋದೆ. ಜಿಲ್ ಆಗಲೇ ಬಾಗಿಲಲ್ಲಿ ಕೈಕಟ್ಟಿಕೊಂಡು ನಿಂತಿದ್ದಳು. ಐವತ್ತರ ಸುಮಾರಿನ ಹೆಂಗಸು, ನಿದ್ದೆಗೆಟ್ಟ ಮುಖ. "ಇದೇನು ನಾಟಕ ಅಂತ ನೋಡೋಕೆ ಬಂದೆ," ಎಂದಳು, ಮುಖಕ್ಕೇ.

ಒಳಗೆ ಹೋಗುತ್ತಲೇ ಥೆಲ್ಮಾ ಬೇರೆ ಮನುಷ್ಯರಾದರು. ಕತ್ತಲ ಓಣಿಯಲ್ಲಿ ನಾನು ಸ್ವಿಚ್ ತಡಕುತ್ತಿದ್ದರೆ, ಆಕೆ ನೋಡದೆಯೇ ಕೈಚಾಚಿ ದೀಪ ಹಾಕಿದರು. ಅಡುಗೆಮನೆಯ ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಇತ್ತು, ಎತ್ತರದ ಹೆಂಡತಿ ಬಗ್ಗಬಾರದೆಂದು ವಾಲ್ಟರ್ ಇಟ್ಟದ್ದಂತೆ. ಸೊಂಟ ಮುರಿದವರಿಗೆ ನಾನು ಇದಕ್ಕಿಂತ ಒಳ್ಳೆಯ ಸಲಹೆ ಕೊಡಲಾರೆ.

ಮೀನಿನ ಪೊಟ್ಟಣ ಬಿಚ್ಚಿದೆ. ಆಕೆ ಒಂದನ್ನು ಎತ್ತಿ, ಕಿವಿರು ಅಗಲಿಸಿ, ಮೂಗಿನ ಹತ್ತಿರ ಹಿಡಿದರು.

"ಯಾರು ಕೊಟ್ರು ಇದನ್ನ ನಿಂಗೆ?"

"ಬಂದರಿನ ಅಂಗಡೀಲಿ. ಇವತ್ತಿಂದು ಅಂದ."

"ಇವತ್ತಿಂದಂತೆ! ನಾಲ್ಕು ದಿನದ್ದು. ನಿನ್ನ ಮುಖ ನೋಡಿದ ತಕ್ಷಣ ಗೊತ್ತಾಗಿರತ್ತೆ ಅವನಿಗೆ, ಯಾವಳೋ ಏನೂ ತಿಳೀದೋಳು ಬಂದ್ಲು ಅಂತ." ಖಾನೆ ಎಳೆದು ಚಾಕು ತೆಗೆದರು. ಉಗುರಿನ ಮೇಲೆ ಅಲಗು ನೋಡಿ, ಮುಖ ಸಿಂಡರಿಸಿ, ಹಿತ್ತಲ ಮೆಟ್ಟಿಲ ಕಲ್ಲಿಗೆ ಹೋಗಿ ಮಸೆದು ಬಂದರು. ನಾನು ಕೈಗವಸು ಚಾಚಿದೆ. "ಇದನ್ನ ಹಾಕ್ಕೊಂಡ್ರೆ ಮೀನು ಹೆಂಗೆ ಗೊತ್ತಾಗತ್ತೆ?" ಎಂದರು. ನಾನೂ ಜಗ್ಗಲಿಲ್ಲ, "ಇದಿಲ್ಲದಿದ್ರೆ ನಮ್ಮ ಮೇಡಂ ನನ್ನೇ ಕುಯ್ತಾರೆ," ಎಂದೆ. ನಕ್ಕು ಹಾಕಿಕೊಂಡರು.

ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. ತಲೆಯ ಹಿಂದೆ ಒಂದು ಗೀರು, ಬೆನ್ನುಮೂಳೆಗೆ ಅಂಟಿಕೊಂಡು ಒಂದು ಉದ್ದ ಎಳೆತ, ಮಗುಚಿ ಇನ್ನೊಂದು. ಒಂದು ಮೀನು, ಎರಡು ತುಂಡು, ಮೂಳೆಗೆ ಉಗುರಿನಷ್ಟು ಮಾಂಸ ಉಳಿಯಲಿಲ್ಲ. ನನ್ನ ಹೆಸರು ನೆನಪಿರದ ಆ ಹೆಂಗಸಿನ ಕೈಗೆ ಏನೂ ಮರೆತಿರಲಿಲ್ಲ. ಎರಡನೆಯದೂ ಮುಗಿಯಿತು. ಮೂರನೆಯದನ್ನು ಎತ್ತಿಕೊಂಡು ನಿಂತುಬಿಟ್ಟರು. ಕಣ್ಣು ಎಲ್ಲೋ ಇತ್ತು. ಚಾಕು ಕೈಯಲ್ಲೇ ಇತ್ತು.

ಜಿಲ್ ಮುಂದೆ ಬರಹೋದಳು. ನಾನು ಕೈ ಅಡ್ಡ ಹಿಡಿದೆ. ತಡೆಯಬೇಕಾದ ಹೊತ್ತು ಇದಲ್ಲವೆಂದು ಹದಿನೆಂಟು ವರ್ಷದ ಅನುಭವ ಹೇಳುತ್ತಿತ್ತು.

"ನಾವಿರೋದು ಮೂರು ಜನ," ಎಂದರು ಥೆಲ್ಮಾ ಕೊನೆಗೆ. "ನಾಲ್ಕು ತುಂಡು ಇದೆ. ಇದನ್ಯಾಕೆ ಹಾಳು ಮಾಡೋದು? ಪಕ್ಕದ ಮನೆ ಬೆಕ್ಕಿಗೂ ಇದು ಬೇಡ." ಮೀನನ್ನು ಪೊಟ್ಟಣಕ್ಕೆ ಹಾಕಿ, ಚಾಕು ತೊಳೆದು, ಒರೆಸಿ, ಖಾನೆಯಲ್ಲಿಟ್ಟರು.

ಎಲ್ಲವೂ ಹೀಗೇ ಇತ್ತೆಂದು ತಿಳಿಯಬೇಡ. ಮೀನು ಹುರಿದು, ಬಾಣಲೆ ಇಳಿಸಿ, ತಟ್ಟೆಗೆ ಹಾಕಿದರು. ಹಿಂದೆ ಒಲೆ ಉರಿಯುತ್ತಲೇ ಇತ್ತು. ಎರಡು ನಿಮಿಷ ಕಾದೆ, ಮೂರು ನಿಮಿಷ ಕಾದೆ. ನೆನಪಾಗಲಿಲ್ಲ. ನಾನೇ ಆರಿಸಿ, ಪುಸ್ತಕದಲ್ಲಿ ಬರೆದುಕೊಂಡೆ. ಮೀನು ಮಾತ್ರ ನಾಲ್ಕು ದಿನದ್ದಾದರೂ ಬಹಳ ಚೆನ್ನಾಗಿತ್ತು.

ಊಟವಾದ ಮೇಲೆ ಜಿಲ್ ನನ್ನನ್ನು ಹಿತ್ತಲಿಗೆ ಕರೆದಳು. ಬೈಯುತ್ತಾಳೆಂದುಕೊಂಡೆ. ಅವಳ ಕಣ್ಣು ತುಂಬಿತ್ತು.

"ನೀವು ಬಂದು ಮೀನು ಕುಯ್ಸಿ ಹೋಗ್ತೀರ. ನಾಳೆ ನಿಮಗೆ ಬೇರೆ ಯಾರೋ. ಫೆಬ್ರವರೀಲಿ ಆಂಟಿ ಈ ಕಲ್ಲಿನ ಮೇಲೆ ನಾಲ್ಕು ಗಂಟೆ ಬಿದ್ದಿದ್ರು. ಮಧ್ಯಾಹ್ನ ಫೋನ್ ಬಂತು, ನಾನು ಆಫೀಸಲ್ಲಿದ್ದೆ. ಅವತ್ತಿಂದ ರಾತ್ರಿಯೆಲ್ಲ ಫೋನ್ ದಿಂಬಿನ ಹತ್ರಾನೇ ಇಟ್ಕೊಂಡಿರ್ತೀನಿ. ಆಶ್ರಮದಲ್ಲಿದ್ರೆ ಕನಿಷ್ಠ ಯಾರಾದ್ರೂ ಎತ್ತುತ್ತಾರೆ."

ಅವಳಿಗೆ ಸುಳ್ಳು ಧೈರ್ಯ ಹೇಳಬಾರದೆನಿಸಿತು. "ಮತ್ತೆ ಬೀಳಬಹುದು, ಜಿಲ್. ಬೀಳಲ್ಲ ಅಂತ ನಾನು ಬರ್ಕೊಡಲ್ಲ. ಆಶ್ರಮದಲ್ಲೂ ಈ ಆರು ವಾರದಲ್ಲಿ ಎರಡು ಸಲ ಬಿದ್ದಿದಾರೆ, ನಡೆಯೋ ಅಭ್ಯಾಸ ತಪ್ಪಿ. ಆದ್ರೆ ಬಿದ್ರೆ ನಾಲ್ಕು ಗಂಟೆ ಬಿದ್ದಿರದ ಹಾಗೆ ನಾನು ಮಾಡಬಲ್ಲೆ. ಒಲೆ ತಾನೇ ಆರೋ ಹಾಗೆ ಮಾಡಬಲ್ಲೆ. ಈ ಎತ್ತರದ ಮೆಟ್ಟಿಲನ್ನ ಎರಡು ಸಣ್ಣ ಮೆಟ್ಟಿಲು ಮಾಡಿ ಹಿಡಿಕಂಬಿ ಹಾಕಿಸಬಲ್ಲೆ."

"ಒಲೆ ಮೊದಲು ಬದಲಾಯ್ಸಿ," ಎಂದಳು. "ಆಮೇಲೆ ಮಾತಾಡೋಣ."

ಗುರುವಾರದ ಸಭೆಯಲ್ಲಿ ಐದು ಜನ: ಥೆಲ್ಮಾ, ಜಿಲ್, ಹಿಲರಿ, ನಾನು, ಮತ್ತೆ ಡಾಮಿನಿಕ್ ಎಂಬ ಸೋಶಿಯಲ್ ವರ್ಕರ್, ಈ ಕೇಸು ಅವನದು. ಅವನು ಆಸ್ಪತ್ರೆಯ ವರದಿ ಓದಿ, ಆಶ್ರಮದಲ್ಲೇ ಇರುವುದು ಒಳ್ಳೆಯದೆಂದು ಎಲ್ಲರಿಗೂ ಅನಿಸಿದೆ ಎಂದ. "ಎಲ್ಲರಿಗೂ ಅಂದ್ರೆ ಯಾರಿಗಪ್ಪಾ?" ಎಂದು ಥೆಲ್ಮಾ ಕೇಳಿದರು. ಅವನು ಕಾಗದ ತಿರುವಿದ.

ನಾನು ಎದ್ದು ಹೇಳಿದೆ. ಆಕೆ ಮಾಡಿದ್ದನ್ನೂ ಹೇಳಿದೆ, ಉರಿಯುತ್ತಲೇ ಇದ್ದ ಒಲೆಯನ್ನೂ ಹೇಳಿದೆ. ಬೆಳಿಗ್ಗೆ ಸಂಜೆ ಬಂದು ಹೋಗಲು ಒಬ್ಬ ಸಹಾಯಕಿ, ಬಿದ್ದರೆ ಒತ್ತಿ ಸಹಾಯ ಕರೆಯಲು ಕುತ್ತಿಗೆಗೆ ಕರೆಗುಂಡಿ, ತಾನೇ ಆರುವ ಒಲೆ, ಮೆಟ್ಟಿಲು, ಕಂಬಿ, ಎಲ್ಲ ಪಟ್ಟಿ ಮಾಡಿ ಇಟ್ಟಿದ್ದೆ. "ಆರು ವಾರ ಮನೇಲಿಟ್ಟು ನೋಡೋಣ. ಆಗಲಿಲ್ಲ ಅಂದ್ರೆ ಇಲ್ಲಿಗೇ ಬಂದು ಆಗಲಿಲ್ಲ ಅಂತ ನಾನೇ ಹೇಳ್ತೀನಿ," ಎಂದೆ.

ಡಾಮಿನಿಕ್ ಥೆಲ್ಮಾರನ್ನು ಕೇಳಿದ, ಸ್ವಲ್ಪ ಜೋರಾಗಿ, ಕಿವುಡರಿಗೆ ಹೇಳುವ ಹಾಗೆ, "ನಿಮಗೇನು ಬೇಕು, ಥೆಲ್ಮಾ?"

"ಕಿರುಚಬೇಡ, ಕಿವಿ ಸರಿಯಾಗಿದೆ. ನನ್ನ ಮನೇಲಿ, ನನ್ನ ಕಾಲ ಮೇಲೆ, ನಿಂತ್ಕೋಬೇಕು. ಬಿದ್ರೆ ಬಿದ್ದೆ ಅನ್ನು. ಬೀಳೋಳು ನಾನೇ ಅಲ್ವಾ, ನೀನಲ್ವಲ್ಲ."

ಎಲ್ಲರೂ ಜಿಲ್‌ಳ ಮುಖ ನೋಡಿದೆವು. ಅವಳು ಚೀಲದ ಹಿಡಿಯನ್ನು ಸುತ್ತುತ್ತಾ, "ಆರು ವಾರ," ಎಂದಳು. ಹಿಲರಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಶಹಬ್ಬಾಸ್ ಎಂದೋ ಇನ್ನು ಬಾಯಿ ಮುಚ್ಚು ಎಂದೋ ಇವತ್ತಿಗೂ ಗೊತ್ತಿಲ್ಲ.

ಏಪ್ರಿಲ್ ಕೊನೆಗೆ ಥೆಲ್ಮಾ ಮನೆಗೆ ಹೋದರು. ಎರಡೂವರೆ ವಾರವಾಗಿದೆ. ಒಂದು ದಿನ ಸಹಾಯಕಿಯನ್ನು ಏನೋ ಮಾರಲು ಬಂದವಳೆಂದು ತಿಳಿದು ಬಾಗಿಲು ತೆಗೆಯಲಿಲ್ಲ. ಇನ್ನೊಂದು ದಿನ ಕರೆಗುಂಡಿಯನ್ನು ಬ್ರೆಡ್ ಡಬ್ಬಿಯಲ್ಲಿಟ್ಟಿದ್ದರು. ಆದರೆ ಒಲೆ ತಾನೇ ಆರುತ್ತಿದೆ, ಬಿದ್ದಿಲ್ಲ, ಸಹಾಯಕಿಗೆ ಮೀನು ಕುಯ್ಯುವುದನ್ನು ಕಲಿಸುತ್ತಿದ್ದಾರಂತೆ. ಮೊನ್ನೆ ಜಿಲ್ ಫೋನ್ ಮಾಡಿದಳು, ಏನೂ ವಿಷಯವಿರಲಿಲ್ಲ, "ಆಂಟಿ ಬೈದ್ರು ಇವತ್ತು, ಮುಂಚಿನ ಹಾಗೆ," ಎಂದಳು, ಖುಷಿಯಾಗಿ. ಇನ್ನೂ ಮೂರೂವರೆ ವಾರ ಇದೆ. ಏನಾಗುತ್ತದೋ. ನನಗೆ ನಂಬಿಕೆಯಿದೆ.

ಯಾರಾದರೂ ಕೇಳಿದರೆ ಇದನ್ನೇ ಹೇಳು. ಈ ಕೆಲಸ ನನಗೆ ಬರುತ್ತದೆ, ಮರಿ. ಇಷ್ಟು ವಯಸ್ಸಿಗೆ ಒಂದು ಕೆಲಸದ ಬಗ್ಗೆ ಹೀಗೆ ಹೇಳಬಹುದೆಂದು ನಾನು ಎಣಿಸಿರಲಿಲ್ಲ.

ಹೊತ್ತಿಗೆ ಸರಿಯಾಗಿ ತಿನ್ನು, ಯಾರ ಜಗಳಕ್ಕೂ ಹೋಗಬೇಡ, ಮೇಷ್ಟ್ರು ಹೇಳಿದ ಹಾಗೆ ಗೋಡೆ ಚೆನ್ನಾಗಿ ಉಜ್ಜು. ನಿನ್ನ ದಿನಗಳು ನೆಮ್ಮದಿಯಿಂದ ಸಾಗಲಿ, ಅಕ್ಟೋಬರ್ ಬೇಗ ಬರಲಿ. ದೇವರು ನಿನ್ನನ್ನು ಕಾಯಲಿ.

ಮುತ್ತುಗಳೊಂದಿಗೆ,
ನಿನ್ನ ಅಮ್ಮ
ಲೋರ್ನಾ

ಮರೆತ ಮಾತು: ಮರೆತದ್ದೇನಲ್ಲ. ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ವಾರ, ಊಟದ ಹೊತ್ತಿನಲ್ಲಿ ಹಿಲರಿ ಕೇಳಿದಳು, "ಮಕ್ಕಳು?" ಎಂದು. ನಾನು "ಇಲ್ಲ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಹೋಯಿತು. ನೀನು ಹೊಡೆದ ಆ ಹುಡುಗನ ಮುರಿದ ದವಡೆಯ ಫೋಟೋ ಊರಿನ ಪೇಪರಿನಲ್ಲಿ ಎಲ್ಲರೂ ನೋಡಿದ್ದರು. ನಿನಗಿರುವುದು ನಿನ್ನಪ್ಪನ ಮನೆಹೆಸರು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಗೊತ್ತಾಗಲೂ ಇಲ್ಲ. ನಾಲ್ಕು ತಿಂಗಳು ಆಫೀಸಿನವರ ಮಕ್ಕಳ ಪರೀಕ್ಷೆ, ಹಲ್ಲು, ಜ್ವರದ ಮಾತು ಕೇಳುತ್ತಾ ತಲೆಯಾಡಿಸಿದೆ. ನಿನ್ನನ್ನು ನೋಡಲು ಬರುವ ಶನಿವಾರಗಳಲ್ಲಿ ತಂಗಿಯ ಮನೆಗೆ ಹೋಗಿದ್ದೆ ಎಂದೆ.

ಮೊನ್ನೆ ಶುಕ್ರವಾರ ಹಿಲರಿ ರಜೆಯ ಪಟ್ಟಿ ಹಿಡಿದುಕೊಂಡು ಬಂದಳು. ಅಕ್ಟೋಬರ್‌ನ ಶಾಲೆ ರಜೆಯ ವಾರ ಎಲ್ಲರಿಗೂ ಬೇಕು. "ಲೋರ್ನಾ, ನಿಂಗೆ ಮಕ್ಕಳಿಲ್ವಲ್ಲ, ಆ ವಾರ ಬಿಟ್ಟುಕೊಡ್ತೀಯಾ?" ಎಂದಳು. ನೀನು ಹೊರಬರುವ ವಾರ ಅದು.

"ನಂಗೆ ಮಗ ಇದಾನೆ. ಇಪ್ಪತ್ತಮೂರು ವರ್ಷ. ಜೈಲಲ್ಲಿದಾನೆ, ಆ ವಾರ ಮನೆಗೆ ಬರ್ತಾನೆ. ಮೊದಲ ವಾರ ನಿಂಗೆ ಸುಳ್ಳು ಹೇಳಿದ್ದೆ," ಎಂದೆ. ಅಲ್ಲಿ ಆರು ಜನರಿದ್ದರು. ಹಿಲರಿ ಆ ವಾರಕ್ಕೆ ನನ್ನ ಹೆಸರು ಬರೆದಳು. ಆಮೇಲೆ, "ಮಗನ ಹೆಸರೇನು?" ಎಂದಳು. ಹೇಳಿದೆ. ಡಾಮಿನಿಕ್ ಆ ಮಧ್ಯಾಹ್ನವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಅದು ಅವನಿಷ್ಟ.

ಅವರಿಗೆ ಹೇಳಿದ್ದು ಸುಲಭವಾಗಿತ್ತು, ನಿನಗೆ ಹೇಳುವುದೇ ಕಷ್ಟ. ನೀನು ಮಾಡಿದ್ದಕ್ಕೆ ನಾಚಿಕೆಪಡುವುದು ಬೇರೆ, ನೀನೇ ಇಲ್ಲ ಎನ್ನುವುದು ಬೇರೆ. ನಾನು ಎರಡನೆಯದನ್ನು ಮಾಡಿದೆ.

ಬರುವ ಶನಿವಾರದ ಭೇಟಿಗೆ ಹೆಸರು ಬರೆಸಿದ್ದೇನೆ. ಬೈಯಬೇಕೆನಿಸಿದರೆ ಬೈ. ಮಾತು ಬೇಡವೆನಿಸಿದರೆ ಎದುರಿಗೆ ಸುಮ್ಮನೆ ಕೂತಿರು. ನೋಡಲು ಒಲ್ಲೆ ಎಂದು ಮಾತ್ರ ಹೇಳಿ ಕಳಿಸಬೇಡ ಕಂದ.

ಅಮ್ಮ